ಬಿಲ್ಲಿನ ಕೊನೇ ಸಾಲು ಮಾತ್ರ ಓದಿದರೆ ಸಾಕೇ?



'ವಿದ್ಯುತ್ ಉಳಿಸಿ' ಎಂಬ ವಿಷಯದ ಮೇಲೆ ನಾವೆಲ್ಲರೂ ಪ್ರಬಂಧ ಬರೆದಿದ್ದೇವೆ. ಬೇಡವಾದಾಗ ಬಲ್ಬು ಆರಿಸಬೇಕು, ಫ್ಯಾನು ನಿಲ್ಲಿಸಬೇಕು ಅಂತ ಬರೆದು ಅಂಕವನ್ನೂ ಪಡೆದಿದ್ದೇವೆ. ಒಳ್ಳೆಯದೇ. ಆದರೆ ಕರೆಂಟಿಗೆ ಅಂತ ನಮ್ಮ ಮನೆಯವರು ಕಟ್ಟುವ ದುಡ್ಡಿನಲ್ಲಿ ನಿಜವಾಗಿ ಕರೆಂಟಿಗೆ ಎಷ್ಟು ಹೋಗುತ್ತದೆ, ಬೇರೆ ಬಾಬ್ತಿಗೆ ಎಷ್ಟು ಹೋಗುತ್ತದೆ ಅಂತ ಯಾರಾದರೂ ನೋಡಿದ್ದೀರಾ? ಮೀಟರ್ ರೀಡರ್ ಅಣ್ಣ ಮೆಷಿನ್ನಿಂದ ಚೀಟಿ ಹರಿದು ಕೊಡುತ್ತಾರೆ. ನಾವು ಕೆಳಗಿನ ಒಂದು ಸಂಖ್ಯೆ ನೋಡುತ್ತೇವೆ. ಸೊನ್ನೆ ಇದ್ದರೆ ಖುಷಿ, ಇಲ್ಲದಿದ್ದರೆ ಬೈಗುಳ. ಆಮೇಲೆ ಚೀಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸುತ್ತೇವೆ. ಸ್ವಲ್ಪ ದಿನಕ್ಕೆ ಅದರ ಮಸಿಯೂ ಮಾಸಿ ಬಿಳಿ ಕಾಗದವಾಗುತ್ತದೆ.

ದೊಡ್ಡವರು 'ಕರೆಂಟ್ ಬಿಲ್ಲಿನಲ್ಲಿ ಏನೇನೋ ಗುಪ್ತವಾಗಿ ಸೇರಿಸಿ ಕೀಳುತ್ತಾರೆ' ಅನ್ನುವುದನ್ನು ಕೇಳಿದ್ದೇನೆ. ನನ್ನ ಅಭಿಪ್ರಾಯ ಬೇರೆ. ಆ ಶುಲ್ಕಗಳನ್ನು ಯಾರೂ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿಲ್ಲ. ಅವು ಚೀಟಿಯ ಮೇಲೇ ಇವೆ. ಅರ್ಥವಾಗದ ಹೆಸರಿನಲ್ಲಿ, ಸಣ್ಣ ಅಕ್ಷರದಲ್ಲಿ ಇವೆ ಅಷ್ಟೇ. ಓದಲು ಬಾರದವನಿಗೆ ಎದುರಿಗಿದ್ದ ಅಕ್ಷರವೂ ಗುಪ್ತವೇ. ಆದ್ದರಿಂದ ಬಿಲ್ಲನ್ನು ಓದುವುದು ನಾವು ಕಲಿಯಬೇಕು, ಓದಿ ಅರ್ಥವಾಗುವ ಹಾಗೆ ಬಿಲ್ಲು ಕೊಡುವುದನ್ನು ಅವರು ಕಲಿಯಬೇಕು. ಇದೇ ಈ ಲೇಖನದ ಸಾರಾಂಶ.

ಒಂದು ನಿಜ ಸಂಗತಿ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಒಬ್ಬರೇ ಇದ್ದಾರೆ. ಹೆಸರು ಬೇಡ. ಮೀಟರು ತೀರಿಹೋದ ಅಜ್ಜನ ಹೆಸರಿನಲ್ಲಿತ್ತು. ಗೃಹಜ್ಯೋತಿಗೆ ಅರ್ಜಿ ಹಾಕಿಸುವವರು ಯಾರೂ ಇರಲಿಲ್ಲ. ಆದ್ದರಿಂದ ಅವರಿಗೆ ತಿಂಗಳು ತಿಂಗಳು ಬಿಲ್ಲು ಬರುತ್ತಿತ್ತು. ಬಿಲ್ಲು ಇಳಿಯಲಿ ಅಂತ ಅಜ್ಜಿ ಸಂಜೆ ಹೊತ್ತು ದೀಪ ಹಾಕುವುದನ್ನೇ ಬಿಟ್ಟರು. ಬೀದಿ ದೀಪದ ಬೆಳಕು ಬೀಳುವ ಜಗಲಿಯ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ಮುಂದಿನ ತಿಂಗಳು ಬಿಲ್ಲು ಬಂದಾಗ ನನ್ನ ಕೈಗೆ ಕೊಟ್ಟು ಕೇಳಿದರು: "ಅಲ್ಲ ಕಣವ್ವ, ದೀಪಾನೇ ಹಚ್ದೆ ಕುಂತಿದೀನಿ, ಆದ್ರೂ ಬಿಲ್ಲು ಇಳೀಲಿಲ್ವಲ್ಲ. ಮೀಟ್ರು ಕೆಟ್ಟೋಗದಾ?"

ಮೀಟರು ಕೆಟ್ಟಿರಲಿಲ್ಲ. ಅಜ್ಜಿಯ ಪ್ರಶ್ನೆಗೆ ಉತ್ತರ ಆ ಚೀಟಿಯಲ್ಲೇ ಇತ್ತು. ಬನ್ನಿ, ಒಂದೊಂದೇ ಸಾಲು ಓದೋಣ.

ಮೊದಲು 'ಯೂನಿಟ್' ಅಂದರೆ ಏನು? ವಿಜ್ಞಾನದ ಪಾಠದಲ್ಲಿ ಬಂದಿದೆ. ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಸಾವಿರ ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಒಂದು ಗಂಟೆಯಲ್ಲಿ ಒಂದು ಯೂನಿಟ್ ತಿನ್ನುತ್ತದೆ. ಹಳೆಯ 60 ವ್ಯಾಟ್‌ನ ಬಲ್ಬು ಸುಮಾರು 17 ಗಂಟೆ ಉರಿದರೆ ಒಂದು ಯೂನಿಟ್. ಈಗಿನ 9 ವ್ಯಾಟ್‌ನ ಎಲ್‌ಇಡಿ ಬಲ್ಬು 111 ಗಂಟೆ ಉರಿಯಬೇಕು. ಈ ಯೂನಿಟ್ಟಿಗೆ ಕೊಡುವ ಬೆಲೆಯೇ 'ವಿದ್ಯುತ್ ಶುಲ್ಕ'. ಕರ್ನಾಟಕದಲ್ಲಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಲ್ಲಿ ಮನೆಗಳಿಗೆ ಇದು ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ನಮಗೆಲ್ಲ ಗೊತ್ತಿರುವುದು ಇದೊಂದೇ. ಗೊತ್ತಿಲ್ಲದವು ಇನ್ನೂ ಇವೆ.

ಒಂದನೆಯದು, ನಿಗದಿತ ಶುಲ್ಕ. ನೀವು ಕರೆಂಟ್ ಉಪಯೋಗಿಸಿದರೂ ಕೊಡಬೇಕು, ಬೀಗ ಹಾಕಿಕೊಂಡು ಊರಿಗೆ ಹೋದರೂ ಕೊಡಬೇಕು. ಮನೆಗೆ ಎಷ್ಟು ಕಿಲೋವ್ಯಾಟ್ ಲೋಡ್ ಮಂಜೂರಾಗಿದೆಯೋ ಅದರ ಮೇಲೆ ಲೆಕ್ಕ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಲ್ಲಿ ಒಂದು ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ಇತ್ತು. ಮೂರು ಕಿಲೋವ್ಯಾಟ್ ಇದ್ದರೆ 435 ರೂಪಾಯಿ. ಇದು ಸ್ವಿಚ್ ಒತ್ತುವುದಕ್ಕೆ ಮುಂಚೆಯೇ ಬೀಳುವ ದುಡ್ಡು. ಗೀಸರ್, ಮೋಟಾರು ಎಲ್ಲ ಒಟ್ಟಿಗೆ ಹಾಕಿ ಮಂಜೂರಾದ ಲೋಡನ್ನು ಪದೇ ಪದೇ ಮೀರಿದರೆ ಲೋಡ್ ಏರಿಸಲು ಅವಕಾಶವಿದೆ. ಲೋಡ್ ಏರಿದರೆ ಈ ಶುಲ್ಕವೂ ಏರುತ್ತದೆ.

ಎರಡನೆಯದು, ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ. ಬಿಲ್ಲಿನಲ್ಲಿ ನಾಲ್ಕೈದು ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ. ಅರ್ಥ ಕಷ್ಟವಲ್ಲ. ನಮ್ಮ ರಾಜ್ಯದ ಕರೆಂಟು ಶರಾವತಿಯ ನೀರಿನಿಂದಲೂ ಬರುತ್ತದೆ, ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನಿಂದಲೂ ಬರುತ್ತದೆ, ಹೊರಗಿನಿಂದ ಕೊಂಡದ್ದೂ ಇರುತ್ತದೆ. ಕಲ್ಲಿದ್ದಲಿನ ಬೆಲೆ ಏರಿದರೆ, ಮಳೆ ಕೈಕೊಟ್ಟು ಜಲಾಶಯ ಬರಿದಾಗಿ ಹೊರಗಿನಿಂದ ಹೆಚ್ಚು ಕೊಳ್ಳಬೇಕಾಗಿ ಬಂದರೆ, ಆ ಹೆಚ್ಚಿನ ಖರ್ಚನ್ನು ಯೂನಿಟ್ಟಿಗೆ ಇಷ್ಟು ಪೈಸೆ ಅಂತ ನಮ್ಮ ಮೇಲೆ ಹಾಕುತ್ತಾರೆ. ಖರ್ಚು ಇಳಿದರೆ ಕಳೆಯಲೂ ಬೇಕು. ಮೊದಲು ಇದನ್ನು ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತಿದ್ದರು. 2023ರಿಂದ ತಿಂಗಳು ತಿಂಗಳು. ಆದ್ದರಿಂದಲೇ ಅಷ್ಟೇ ಯೂನಿಟ್ ಉರಿಸಿದರೂ ಒಂದು ತಿಂಗಳ ಬಿಲ್ಲಿನಂತೆ ಇನ್ನೊಂದು ತಿಂಗಳ ಬಿಲ್ಲು ಇರುವುದಿಲ್ಲ.

ಮೂರನೆಯದು, ಪಿಂಚಣಿ ಮತ್ತು ಗ್ರಾಚ್ಯುಟಿ ಸರ್‌ಚಾರ್ಜು. ಇದು 2025ರ ಏಪ್ರಿಲ್ 1ರಿಂದ ಹೊಸದಾಗಿ ಬಂದದ್ದು. 2025-26ನೇ ಸಾಲಿಗೆ ಯೂನಿಟ್ಟಿಗೆ 36 ಪೈಸೆ, ಅದರ ಮುಂದಿನ ಎರಡು ವರ್ಷಕ್ಕೆ 35 ಮತ್ತು 34 ಪೈಸೆ ಅಂತ ಆದೇಶವಾಯಿತು. ನಮ್ಮ ಊರಲ್ಲಿ ಈಗಲೂ 'ಕೆಇಬಿಯವರು ಬಂದ್ರು' ಅಂತಲೇ ಹೇಳುತ್ತೇವೆ. ಆದರೆ 1957ರಲ್ಲಿ ಹುಟ್ಟಿದ ಆ ವಿದ್ಯುತ್ ಮಂಡಳಿ ಈಗ ಇಲ್ಲ. ಅದರ ಜಾಗಕ್ಕೆ ನಿಗಮ ಬಂತು, 2002ರಲ್ಲಿ ಮನೆಮನೆಗೆ ಕರೆಂಟ್ ಹಂಚಲು ಬೇರೆ ಬೇರೆ ಕಂಪನಿಗಳಾದವು. ಅಲ್ಲಿ ದುಡಿದವರ ಪಿಂಚಣಿಯ ಒಂದು ಭಾಗ ಈ ಪೈಸೆಗಳಿಂದ ಹೋಗುತ್ತದೆ.

ನಾಲ್ಕನೆಯದು, ತೆರಿಗೆ. ಇದು ಕಂಪನಿಗಲ್ಲ, ಸರ್ಕಾರಕ್ಕೆ ಸೇರುತ್ತದೆ. 2018ರಲ್ಲಿ ಇದನ್ನು ಶೇಕಡಾ 6ರಿಂದ 9ಕ್ಕೆ ಏರಿಸಿದರು.

ಐದನೆಯದು, ಆಗಾಗ ಬಂದು ಹೋಗುವ ನೆಂಟರು. ಗಡುವಿನೊಳಗೆ ಕಟ್ಟದಿದ್ದರೆ ಬಡ್ಡಿ. ಬಳಕೆ ಹೆಚ್ಚಾದರೆ ಹೆಚ್ಚುವರಿ ಠೇವಣಿ. ಕೆಲವು ಸಲ ಹಿಂಬಾಕಿ. 2023ರಲ್ಲಿ ಹೀಗೇ ಆಯಿತು. ದರ ಏರಿಸಿದ ಆದೇಶ ಬಂದದ್ದು ಮೇ 12ಕ್ಕೆ, ಆದರೆ ಅನ್ವಯವಾದದ್ದು ಏಪ್ರಿಲ್ 1ರಿಂದ. ಏಪ್ರಿಲ್ ತಿಂಗಳ ವ್ಯತ್ಯಾಸವನ್ನು ಜೂನ್ ಬಿಲ್ಲಿಗೆ ಸೇರಿಸಿದರು. ಉರಿಸಿ ಮುಗಿಸಿದ ದೀಪಕ್ಕೆ ಆಮೇಲೆ ಬೆಲೆ ಏರಿದರೆ ಜನರಿಗೆ ಸಿಟ್ಟು ಬಾರದೆ ಇರುತ್ತದೆಯೇ?

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಒಂದು ಕಿಲೋವ್ಯಾಟ್ ಲೋಡ್ ಇರುವ ಸಣ್ಣ ಮನೆ ಅಂತ ಇಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಮೇಲೆ ಹೇಳಿದ 2025ರ ದರಗಳನ್ನೇ ತೆಗೆದುಕೊಂಡಿದ್ದೇನೆ. ತಿಂಗಳು ತಿಂಗಳು ಬದಲಾಗುವ ಇಂಧನದ ಹೊಂದಾಣಿಕೆಯನ್ನೂ, ರಿಯಾಯಿತಿ ಏನಾದರೂ ಇದ್ದರೆ ಅದನ್ನೂ ಬಿಟ್ಟಿದ್ದೇನೆ. ತೆರಿಗೆಯನ್ನು ವಿದ್ಯುತ್ ಶುಲ್ಕದ ಮೇಲೆ ಮಾತ್ರ ಹಾಕಿದ್ದೇನೆ.

ತಿಂಗಳಿಗೆ 20 ಯೂನಿಟ್ ಉರಿಸಿದರೆ:
ನಿಗದಿತ ಶುಲ್ಕ 145 ರೂ.
ವಿದ್ಯುತ್ ಶುಲ್ಕ 116 ರೂ.
ಪಿಂಚಣಿ ಸರ್‌ಚಾರ್ಜು 7 ರೂ. 20 ಪೈಸೆ
ತೆರಿಗೆ 10 ರೂ. 44 ಪೈಸೆ
ಒಟ್ಟು 278 ರೂ. 64 ಪೈಸೆ

ಕತ್ತಲಲ್ಲಿ ಕುಳಿತು ಬಳಕೆಯನ್ನು 10 ಯೂನಿಟ್ಟಿಗೆ ಇಳಿಸಿದರೆ:
ನಿಗದಿತ ಶುಲ್ಕ 145 ರೂ.
ವಿದ್ಯುತ್ ಶುಲ್ಕ 58 ರೂ.
ಪಿಂಚಣಿ ಸರ್‌ಚಾರ್ಜು 3 ರೂ. 60 ಪೈಸೆ
ತೆರಿಗೆ 5 ರೂ. 22 ಪೈಸೆ
ಒಟ್ಟು 211 ರೂ. 82 ಪೈಸೆ

ನೋಡಿದಿರಾ? ಬಳಕೆ ಅರ್ಧಕ್ಕೆ ಇಳಿಯಿತು. ಬಿಲ್ಲು ಅರ್ಧ ಇಳಿಯಲಿಲ್ಲ, ಕಾಲು ಭಾಗವೂ ಪೂರ್ತಿ ಇಳಿಯಲಿಲ್ಲ. ಇಪ್ಪತ್ತು ಯೂನಿಟ್ ಉರಿಸಿದಾಗ ಒಂದು ಯೂನಿಟ್ಟಿಗೆ ಸುಮಾರು 14 ರೂಪಾಯಿ ಬಿತ್ತು. ಹತ್ತು ಉರಿಸಿದಾಗ ಸುಮಾರು 21 ರೂಪಾಯಿ ಬಿತ್ತು. ಅದೇ ಒಂದು ಕಿಲೋವ್ಯಾಟಿನ ಮನೆಯವರು 100 ಯೂನಿಟ್ ಉರಿಸಿದರೆ ಒಟ್ಟು 813 ರೂಪಾಯಿ 20 ಪೈಸೆ ಆಗುತ್ತದೆ. ಅಂದರೆ ಯೂನಿಟ್ಟಿಗೆ ಸುಮಾರು 8 ರೂಪಾಯಿ. ಕಡಿಮೆ ಉರಿಸಿದವರಿಗೆ ಯೂನಿಟ್ಟು ದುಬಾರಿ, ಹೆಚ್ಚು ಉರಿಸಿದವರಿಗೆ ಅಗ್ಗ. 'ವಿದ್ಯುತ್ ಉಳಿಸಿ' ಅಂತ ಕಂಬದ ಮೇಲೆ ಬರೆಸಿ ಬಿಲ್ಲಿನಲ್ಲಿ ಹೀಗೆ ಮಾಡಿದರೆ ಉಳಿಸುವವರಿಗೆ ಹುಮ್ಮಸ್ಸು ಎಲ್ಲಿಂದ ಬರಬೇಕು?

ಇನ್ನೊಂದು ತಮಾಷೆ ಕೇಳಿ. 2025ರಲ್ಲಿ 'ಮನೆ ಬಳಕೆಯ ಕರೆಂಟ್ ದರ 10 ಪೈಸೆ ಇಳಿಕೆ' ಅಂತ ಸುದ್ದಿ ಬಂತು. ಸುಳ್ಳಲ್ಲ. 5 ರೂಪಾಯಿ 90 ಪೈಸೆ ಇದ್ದದ್ದು 5 ರೂಪಾಯಿ 80 ಪೈಸೆ ಆಯಿತು. ಅದೇ ಆದೇಶದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ 120ರಿಂದ 145 ರೂಪಾಯಿಗೆ ಏರಿತು. ಈಗ ಗಣಿತ ಮಾಡಿ. 25 ರೂಪಾಯಿ ಏರಿದ್ದನ್ನು 10 ಪೈಸೆಯಂತೆ ವಾಪಸ್ ಪಡೆಯಬೇಕಾದರೆ ಎಷ್ಟು ಯೂನಿಟ್ ಉರಿಸಬೇಕು? 250 ಯೂನಿಟ್. ಎರಡು ಕಿಲೋವ್ಯಾಟ್ ಲೋಡ್ ಇದ್ದರೆ 500 ಯೂನಿಟ್. ಇದರ ಮೇಲೆ ಪಿಂಚಣಿಯ 36 ಪೈಸೆ ಬೇರೆ. ಹಾಗಾದರೆ ಇಳಿದದ್ದು ಯಾರಿಗೆ? ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಂಡ ಹಾಗಾಯಿತು. ಕೊನೇ ಸಾಲು ಮಾತ್ರ ಓದುವವರಿಗೆ, ಸುದ್ದಿಯ ತಲೆಬರಹ ಮಾತ್ರ ಓದುವವರಿಗೆ ಇದು ತಿಳಿಯುವುದೇ ಇಲ್ಲ.

ಇಲ್ಲಿ ಕೆಲವರು ಕೇಳಬಹುದು: 'ನಮ್ಮ ಮನೆಗೆ ಸೊನ್ನೆ ಬಿಲ್ಲು ಬರುತ್ತೆ, ನಮಗ್ಯಾಕೆ ಈ ಉಸಾಬರಿ?' ಈ ಮಾತಿಗೆ ನನ್ನ ಉತ್ತರ ಎರಡು.

ಮೊದಲನೆಯದು, ಸೊನ್ನೆಗೂ ಒಂದು ಗೆರೆ ಇದೆ. ಗೃಹಜ್ಯೋತಿ ಯೋಜನೆಯ ಸೊನ್ನೆ ಬಿಲ್ಲುಗಳು 2023ರ ಆಗಸ್ಟ್‌ನಿಂದ ಬಂದವು. 'ಎಲ್ಲರಿಗೂ 200 ಯೂನಿಟ್ ಉಚಿತ' ಅಂತ ನಾವು ಹೇಳಿಕೊಂಡು ತಿರುಗುತ್ತೇವೆ. ಹಾಗಲ್ಲ. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿ ಮಿತಿ ಹಾಕಿದರು. ಕಡಿಮೆ ಉರಿಸುವ ಮನೆಗಳಿಗೆ ಆಮೇಲೆ ಶೇಕಡಾ ಹತ್ತರ ಬದಲು 10 ಯೂನಿಟ್ ಸೇರಿಸಿದರು. ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. ಆದರೆ 200 ದಾಟಿದರೆ ಪೂರ್ತಿ ಬಿಲ್ಲು! 200 ಯೂನಿಟ್ಟಿನ ಮಿತಿ ಇರುವ ಮನೆಯವರು 200 ಉರಿಸಿದರೆ ಸೊನ್ನೆ. 201 ಉರಿಸಿದರೆ ನನ್ನ ಮೇಲಿನ ಲೆಕ್ಕದಂತೆಯೇ ಒಂದು ಕಿಲೋವ್ಯಾಟಿಗೆ 1,488 ರೂಪಾಯಿ. ಒಂದು ಯೂನಿಟ್ಟಿನ ಹೊಸ್ತಿಲು ಎಡವಿದರೆ ಅಷ್ಟು ದುಡ್ಡು. ಮನೆಯಲ್ಲಿ ಮದುವೆಯೋ ಹಬ್ಬವೋ ಬಂದು ನೆಂಟರು ತುಂಬಿದ ತಿಂಗಳು ನೆನೆಸಿಕೊಳ್ಳಿ. ಆ ದಿನ ಬಿಲ್ಲು ಹಿಡಿದು 'ಮೋಸ ಆಯ್ತು' ಅಂತ ಕೂಗುವ ಬದಲು ತಿಂಗಳ ಮಧ್ಯದಲ್ಲಿ ಒಂದು ಸಲ ಮೀಟರು ನೋಡಿದ್ದರೆ ಸಾಕಿತ್ತು.

ಎರಡನೆಯದು, ಸೊನ್ನೆ ಅಂದರೆ ಯಾರೂ ಕೊಡುತ್ತಿಲ್ಲ ಅಂತ ಅರ್ಥವಲ್ಲ. ನಮ್ಮ ಬದಲು ಸರ್ಕಾರ ಕಂಪನಿಗೆ ಕಟ್ಟುತ್ತದೆ. ಸರ್ಕಾರಕ್ಕೆ ದುಡ್ಡು ಎಲ್ಲಿಂದ? ಅಪ್ಪ ಹಾಕಿಸುವ ಪೆಟ್ರೋಲಿನಿಂದ, ಅವ್ವ ತರುವ ಸೋಪಿನಿಂದ. ಯೋಜನೆ ಬೇಡ ಅಂತ ನಾನು ಹೇಳುತ್ತಿಲ್ಲ. ಅದರಿಂದ ನಮ್ಮಂತಹ ಮನೆಗಳಿಗೆ ಬಹಳ ಉಪಕಾರವಾಗಿದೆ. ಆ ದುಡ್ಡಿನಲ್ಲಿ ನನಗೆ ನೋಟ್‌ಬುಕ್ ಬಂದಿದೆ. ಆದರೆ ಕೊಡುವವರು ಬೇರೆ ಅಂತ ಲೆಕ್ಕ ನೋಡುವುದನ್ನೇ ಬಿಟ್ಟರೆ, ಶುಲ್ಕ ಏರಿದ್ದು ಇಳಿದದ್ದು ಯಾವುದೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೇಳುವವರು ಇಲ್ಲದ ಲೆಕ್ಕ ಕಳೆ ಕೀಳದ ಗದ್ದೆಯ ಹಾಗೆ.

ನಿಗದಿತ ಶುಲ್ಕವೇ ಅನ್ಯಾಯ ಅನ್ನುವುದೂ ಸರಿಯಲ್ಲ. ಕಂಪನಿಯ ಪಕ್ಷವನ್ನೂ ಕೇಳಬೇಕು. ನಾವು ಸ್ವಿಚ್ ಒತ್ತಲಿ ಬಿಡಲಿ, ಕಂಬ ನಿಂತಿರಬೇಕು, ತಂತಿ ಇರಬೇಕು, ಟ್ರಾನ್ಸ್‌ಫಾರ್ಮರ್ ಕಾಯಬೇಕು. ಗಾಳಿ ಮಳೆಯ ರಾತ್ರಿ ತಂತಿ ತುಂಡಾದರೆ ಲೈನ್‌ಮನ್ ಅಣ್ಣ ಜೀವ ಕೈಯಲ್ಲಿ ಹಿಡಿದು ಕಂಬ ಹತ್ತುತ್ತಾರೆ. ಅವರ ಸಂಬಳ ಯೂನಿಟ್ ನೋಡಿ ಕೊಡುವುದಲ್ಲ. ಹಾಗೆಯೇ ಜೀವಮಾನವೆಲ್ಲ ಕಂಬ ಹತ್ತಿದವರಿಗೆ ಮುಪ್ಪಿನಲ್ಲಿ ಪಿಂಚಣಿ ಬೇಡ ಎನ್ನುವಷ್ಟು ಕಲ್ಲು ಮನಸ್ಸು ನಮ್ಮದಲ್ಲ. ಅದು ಅವರಿಗೆ ಸಲ್ಲಲೇಬೇಕು. ನನ್ನ ತಕರಾರು ಬೇರೆ. ಸರ್ಕಾರದ ಕಾಲದಲ್ಲಿ ದುಡಿದವರ ಪಿಂಚಣಿಯ ಹೊಣೆಯನ್ನು ದೀಪ ಉರಿಸುವವರ ಯೂನಿಟ್ಟಿಗೆ ಕಟ್ಟುವುದು ಸರಿಯೇ? ಒಂದೇ ಬಲ್ಬು ಇರುವ ಮನೆಗೂ ನಾಲ್ಕು ಕೋಣೆಗೆ ಎ.ಸಿ. ಹಾಕಿದ ಮನೆಗೂ ಕಿಲೋವ್ಯಾಟಿಗೆ ಒಂದೇ ನಿಗದಿತ ಶುಲ್ಕ ಇರಬೇಕೇ? ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ಇರುವೆಯ ಮೇಲೆ ಆನೆಯ ಭಾರ ಬೀಳಬಾರದು.

ಹಾಗಾದರೆ ಏನಾಗಬೇಕು? ನನಗೆ ತೋಚಿದ್ದನ್ನು ಬರೆಯುತ್ತೇನೆ.

1. ಬಿಲ್ಲಿನ ಪ್ರತಿ ಸಾಲೂ ಸರಳ ಕನ್ನಡದಲ್ಲಿ ಇರಬೇಕು. 'ಕಂಬ-ತಂತಿಯ ಖರ್ಚು', 'ಕಲ್ಲಿದ್ದಲು-ಖರೀದಿಯ ಹೆಚ್ಚುವರಿ', 'ನೌಕರರ ಪಿಂಚಣಿ' ಅಂತ ಬರೆದರೆ ನಮ್ಮ ಅಜ್ಜಿಗೂ ತಿಳಿಯುತ್ತದೆ. ಇಂಗ್ಲಿಷಿನ ಬಿಡಿ ಅಕ್ಷರಗಳು ಬೇಡ.

2. ತಿಂಗಳಿಗೆ ಮೂವತ್ತು ನಲವತ್ತು ಯೂನಿಟ್ ಕೂಡ ಉರಿಸದ ಮನೆಗಳಿಗೆ ನಿಗದಿತ ಶುಲ್ಕ ಕಡಿಮೆ ಮಾಡಬೇಕು.

3. 200ರ ಗೆರೆಯಲ್ಲಿ ಒಮ್ಮೆಲೇ ಬೀಳಿಸುವ ಬದಲು, ದಾಟಿದಷ್ಟಕ್ಕೆ ಮಾತ್ರ ದುಡ್ಡು ತೆಗೆದುಕೊಂಡರೆ ಒಳ್ಳೆಯದು.

4. ಹಿಂದಿನ ತಿಂಗಳಿಗೆ ಈಗ ದರ ಏರಿಸಿ ಹಿಂಬಾಕಿ ಕೇಳಬಾರದು. ಮೊದಲು ತಿಳಿಸಿ, ಆಮೇಲೆ ಏರಿಸಲಿ.

ಇದನ್ನೆಲ್ಲ ಯಾರಿಗೆ ಹೇಳುವುದು ಅಂತೀರಾ? ದರವನ್ನು ಕಂಪನಿಯವರು ತಾವೇ ತೀರ್ಮಾನಿಸುವ ಹಾಗಿಲ್ಲ. ಅದಕ್ಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇದೆ. ಕಂಪನಿ ದರ ಏರಿಸಿ ಅಂತ ಅರ್ಜಿ ಹಾಕಿದಾಗ ಆಯೋಗ ಜನರಿಂದ ಆಕ್ಷೇಪಣೆ ಕೇಳುತ್ತದೆ, ಬಹಿರಂಗ ವಿಚಾರಣೆ ನಡೆಸುತ್ತದೆ. 2003ರ ವಿದ್ಯುಚ್ಛಕ್ತಿ ಕಾಯಿದೆಯಲ್ಲೇ ಜನರ ಮಾತು ಕೇಳಬೇಕು ಅಂತ ಇದೆ. ಒಂದು ಅರ್ಜಿ ಬರೆಯುವುದು ನಮಗೇನು ಕಷ್ಟ? ಪತ್ರಲೇಖನ ನಮ್ಮ ಪಾಠದಲ್ಲೇ ಇದೆ. 'ರಜೆ ಕೋರಿ ಪತ್ರ' ಎಷ್ಟು ಸಲ ಬರೆಯುವುದು? ಒಂದು ಸಲ ಇದನ್ನು ಬರೆಯೋಣ. ಮೇಷ್ಟ್ರು, ಟೀಚರು ತಿದ್ದಿ ಕೊಟ್ಟರೆ ಗ್ರಾಮ ಪಂಚಾಯಿತಿಯ ಮೂಲಕ ಕಳಿಸಬಹುದು. ಬಿಲ್ಲಿನಲ್ಲೇ ತಪ್ಪಿದ್ದರೆ 1912ಕ್ಕೆ ಫೋನ್ ಮಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ.

ನಾವು ಇವತ್ತೇ ಮಾಡಬಹುದಾದ ಕೆಲಸವೂ ಇದೆ. ಪ್ರತಿ ತಿಂಗಳು ಒಂದನೇ ತಾರೀಖು, ಹದಿನೈದನೇ ತಾರೀಖು ನಮ್ಮ ಮನೆಯ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯೋಣ. ಬಿಲ್ಲು ಬಂದ ದಿನವೇ ಮಂಜೂರಾದ ಲೋಡ್ ಎಷ್ಟು, ಹಿಂದಿನ ಅಂಕಿ ಎಷ್ಟು, ಈಗಿನ ಅಂಕಿ ಎಷ್ಟು ಅಂತ ಹೋಲಿಸಿ, ಮಸಿ ಮಾಸುವುದಕ್ಕೆ ಮುಂಚೆ ಒಂದು ಪುಸ್ತಕದಲ್ಲಿ ಬರೆದಿಡೋಣ. ಠೇವಣಿ ಕಟ್ಟಿದವರಿಗೆ ವರ್ಷಕ್ಕೊಮ್ಮೆ ಅದರ ಬಡ್ಡಿಯನ್ನು ಬಿಲ್ಲಿನಲ್ಲಿ ವಜಾ ಮಾಡಬೇಕು. ಅದು ಬಂದಿದೆಯೇ ಅಂತ ಅಪ್ಪನಿಗೆ ತೋರಿಸೋಣ. ಓದು ಬಾರದ ಅಕ್ಕಪಕ್ಕದವರ ಬಿಲ್ಲನ್ನೂ ಓದಿ ಹೇಳೋಣ. ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಪುಸ್ತಕದಲ್ಲೂ ಇಲ್ಲ.

ನಮ್ಮ ಬೀದಿಯ ಅಜ್ಜಿಯ ಆಧಾರ್ ಕಾರ್ಡು ಮತ್ತು ಬಿಲ್ಲಿನ ಆರ್.ಆರ್. ನಂಬರು ತೆಗೆದುಕೊಂಡು ಗ್ರಾಮ ಒನ್ ಕೇಂದ್ರದಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕಿಸಿದ್ದಾಯಿತು. ಈಗ ಅವರ ಮನೆಯಲ್ಲಿ ಸಂಜೆ ದೀಪ ಉರಿಯುತ್ತದೆ. ಆದರೆ ಅರ್ಜಿ ಹಾಕಿಸುವವರು ಇಲ್ಲದ ಅಜ್ಜಿಯರು, ತಾತಂದಿರು ಬೇರೆ ಬೇರೆ ಊರುಗಳಲ್ಲಿ ಎಷ್ಟು ಜನ ಕತ್ತಲಲ್ಲಿ ಕುಳಿತಿದ್ದಾರೋ! ಅವರು ಉಳಿಸುತ್ತಿರುವುದು ಕೆಲವೇ ರೂಪಾಯಿ, ಕಳೆದುಕೊಳ್ಳುತ್ತಿರುವುದು ಬೆಳಕು. ಇದನ್ನು ಅವರಿಗೆ ಹೇಳುವವರು ಬೇಕು. ಅಕ್ಷರ ಕಲಿತ ನಾವು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ?

ಇದು ನನ್ನ ಅನಿಸಿಕೆ. ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ. ಬರೆಯುವಾಗ ನಿಮ್ಮ ಮನೆಯ ಬಿಲ್ಲನ್ನು ಎದುರಿಗಿಟ್ಟುಕೊಂಡು ಬರೆಯಿರಿ.


10ನೇ ತರಗತಿಯ ಒಬ್ಬಳು ವಿದ್ಯಾರ್ಥಿನಿ